ಹೊರಗೆ ಬೋರ್ಡು ಕನ್ನಡ, ಒಳಗೆ ಕತ್ತಲೆ!

ರಾಣಿ ಚೆನ್ನಮ್ಮನನ್ನು ಹತ್ತಿ ಸಂಗೊಳ್ಳಿ ರಾಯಣ್ಣನಲ್ಲಿ ಇಳಿದೆವು. ಒಂದು ರೈಲಿನ ಹೆಸರು, ಇನ್ನೊಂದು ನಿಲ್ದಾಣದ ಹೆಸರು. ಎರಡೂ ಕಿತ್ತೂರಿನ ಮಣ್ಣಿನವು, ಎರಡೂ ನಮ್ಮವು. ಎದೆ ಉಬ್ಬಿಸಿಕೊಂಡೇ ನಿಲ್ದಾಣದಿಂದ ಹೊರಬಿದ್ದೆ. ಹತ್ತು ನಿಮಿಷ ನಡೆದು ಗಾಂಧಿನಗರದ ಒಂದು ಹೋಟೆಲಿನ ಕೌಂಟರಿನ ಮುಂದೆ ನಿಂತಾಗ ಆ ಎದೆ ಇಳಿದೇ ಹೋಯಿತು.

"ನಮಸ್ಕಾರ್ರೀ, ಒಂದು ರೂಮ್ ಬೇಕಾಗಿತ್ತು" ಅಂದೆ.

ಕೌಂಟರಿನ ಹುಡುಗ ನನ್ನ ಮುಖ ನೋಡಿದ. ಅಪ್ಪನ ಧೋತರ, ಟೋಪಿ ನೋಡಿದ. "ಹಿಂದಿ? ಇಂಗ್ಲಿಷ್?" ಅಂದ.

ಕನ್ನಡ ಬಂಧುಗಳೇ, ಇದು ದೆಹಲಿಯ ಪಹಾಡ್‌ಗಂಜ್ ಅಲ್ಲ. ನಮ್ಮ ಮೆಜೆಸ್ಟಿಕ್! ಬೀದರ್‌ನಿಂದ ಚಾಮರಾಜನಗರದವರೆಗೆ ಯಾವ ಊರಿನವನೇ ಆಗಲಿ, ರಾಜಧಾನಿಗೆ ಬಂದರೆ ಮೊದಲು ಕಾಲಿಡುವ ಜಾಗ. ಧರ್ಮಾಂಬುಧಿ ಕೆರೆಯನ್ನು ಬತ್ತಿಸಿ ಬಸ್ ನಿಲ್ದಾಣ ಮಾಡಿದ್ದು ಈ ಜನ ಬಂದಿಳಿಯಲಿ ಎಂದೇ ಅಲ್ಲವೇ? ಆ ಕೆರೆಯೂ ಹೋಯಿತು, ಬಂದಿಳಿದವನಿಗೆ ಮಾತೂ ಸಿಗದಾಯಿತು ಅಂದರೆ ಯಾವ ಲೆಕ್ಕ ಸ್ವಾಮಿ ಇದು?

ನಾವು ಬಂದದ್ದು ಮೋಜಿಗಲ್ಲ. ಅಪ್ಪನಿಗೆ 72 ವರ್ಷ. ಬಲಗಣ್ಣಿನ ಹಿಂದಿನ ಪರದೆಗೆ ತೊಂದರೆ. ಹುಬ್ಬಳ್ಳಿಯ ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಿರಿ ಎಂದು ಚೀಟಿ ಬರೆದುಕೊಟ್ಟಿದ್ದರು. ಎಡಗಣ್ಣು ಮೊದಲಿನಿಂದಲೂ ಮಸುಕು. ಅಂದು ಹಗಲು ಚಿಕಿತ್ಸೆ, ರಾತ್ರಿ ವಿಶ್ರಾಂತಿ, ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ ತಪಾಸಣೆ. ನಿಲ್ದಾಣಕ್ಕೆ ಹತ್ತಿರ, ಲಿಫ್ಟ್ ಇದೆ, ಹೊರಗೆ ಬೋರ್ಡಿನ ಮೇಲೆ ದೊಡ್ಡದಾಗಿ ಕನ್ನಡ ಇದೆ ಎಂದು ನೋಡಿಯೇ ಆ ಹೋಟೆಲ್ ಹಿಡಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಹೋಟೆಲಿನ ತಪ್ಪು ಎಂದಾಗುತ್ತದೆ. ಆ ಬೀದಿಯಲ್ಲಿ ಅದರ ಅಣ್ಣತಮ್ಮಂದಿರು ಎಷ್ಟಿಲ್ಲ?

ದಿನಕ್ಕೆ 3,800 ರೂಪಾಯಿ. ತೆರಿಗೆ ಬೇರೆ. ರೂಮಿನ ಹೆಸರು 'ಡೀಲಕ್ಸ್'. ಅದು ಯಾವ ಕಾಲದ ಡೀಲಕ್ಸೋ ದೇವರೇ ಬಲ್ಲ! ನೆಲದ ಕಾರ್ಪೆಟ್ಟಿನ ಮೂಲ ಬಣ್ಣ ಯಾವುದೆಂದು ಹೇಳಿದವರಿಗೆ ಬಹುಮಾನ ಕೊಡಬಹುದು. ಕಿಟಕಿಯ ಎಸಿ ನಮ್ಮೂರ ಹಿಟ್ಟಿನ ಗಿರಣಿಯ ಹಾಗೆ ಗರಗರ ಅನ್ನುತ್ತಿತ್ತು, ಗಿರಣಿಯಿಂದ ಹಿಟ್ಟಾದರೂ ಬರುತ್ತದೆ, ಇದರಿಂದ ತಂಪೂ ಬರಲಿಲ್ಲ. ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ. ಗೋಡೆಯಲ್ಲಿ ನಾಲ್ಕು ಪ್ಲಗ್ ಪಾಯಿಂಟ್ ಇದ್ದವು, ಕೆಲಸ ಮಾಡುತ್ತಿದ್ದುದು ಬಾತ್‌ರೂಮಿನ ಬಾಗಿಲ ಬಳಿಯ ಒಂದು. ಈ ಪ್ಲಗ್ಗಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಬಾತ್‌ರೂಮಿನಲ್ಲಿ ವಯಸ್ಸಾದವರು ಹಿಡಿದುಕೊಳ್ಳಲು ಒಂದು ಹಿಡಿಕೆ ಇಲ್ಲ. ಟಿವಿ ಹಾಕಿದರೆ ಕನ್ನಡ ಚಾನಲ್ಲು ಹುಡುಕಿ ಹುಡುಕಿ ಬೆರಳು ಸೋತಿತು. ಬಾಗಿಲ ಹಿಂದೆ ಅಂಟಿಸಿದ್ದ ನಿಯಮಗಳ ಹಾಳೆ, ಊಟದ ಪಟ್ಟಿ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂಬ ನಕ್ಷೆ, ಎಲ್ಲ ಇಂಗ್ಲಿಷ್. ಬೆಂಕಿ ಬಿದ್ದಾಗ ಇಂಗ್ಲಿಷ್ ಬಲ್ಲವರು ಮಾತ್ರ ಬದುಕಿಕೊಳ್ಳಲಿ ಎಂದೇ?

ಇನ್ನು ದಿನದ ಲೆಕ್ಕ. ಮಧ್ಯಾಹ್ನ 12ರಿಂದ ಮಧ್ಯಾಹ್ನ 12ಕ್ಕೆ ಒಂದು ದಿನವಂತೆ. ಉತ್ತರ ಕರ್ನಾಟಕದ ರಾತ್ರಿ ಬಸ್ಸು, ರಾತ್ರಿ ರೈಲು ಬೆಂಗಳೂರು ಮುಟ್ಟುವುದೇ ಬೆಳಗಿನ ಜಾವ. ಏಳು ಗಂಟೆಗೆ ಬಂದು ಬೀಗ ತೆಗೆದರೆ ಐದು ತಾಸಿಗೆ ಒಂದು ದಿನ ಖಲಾಸ್! ಮರುದಿನ ಹನ್ನೊಂದಕ್ಕೆ ಬಿಟ್ಟೆವು. 28 ತಾಸಿಗೆ ಎರಡು ದಿನದ ಬಾಡಿಗೆ, 7,600. ಹಿಂದೆ ಮೆಜೆಸ್ಟಿಕ್ ಲಾಡ್ಜುಗಳಲ್ಲಿ ಬಂದ ಹೊತ್ತಿನಿಂದ 24 ತಾಸು ಎಣಿಸುತ್ತಿದ್ದರು. ಈಗಲೂ ಕೆಲವರು ಆ ಮರ್ಯಾದೆ ಉಳಿಸಿಕೊಂಡಿದ್ದಾರೆ. ಉಳಿದವರಿಗೆ ನಮ್ಮ ರೈಲಿನ ವೇಳಾಪಟ್ಟಿಯೇ ಲಾಭದ ಬಾಬತ್ತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ದುಡ್ಡು ಹೋಯಿತು ಎಂದು ಬೈದುಕೊಂಡು ಊರು ಸೇರುತ್ತಿದ್ದೆ. ಆ ರಾತ್ರಿ ನಡೆದದ್ದನ್ನು ಕೇಳಿ.

ಎಂಟೂವರೆ ಗಂಟೆ. ಅಪ್ಪನ ಬಲಗಣ್ಣಿಗೆ ಪಟ್ಟಿ. ತಲೆ ಬಗ್ಗಿಸಬೇಡಿ, ಎಲ್ಲೂ ಬಡಿಸಿಕೊಳ್ಳಬೇಡಿ ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಅಪ್ಪನನ್ನು ಮಂಚದ ಮೇಲೆ ಕೂರಿಸಿ, ಕಣ್ಣಿಗೆ ಬಿಡುವ ಔಷಧಿ ಮತ್ತು ಎರಡು ಪೊಟ್ಟಣ ಅನ್ನ-ಸಾರು ತರಲು ಹೊರಗೆ ಹೋದೆ. ಮೊದಲನೆಯ ಅಂಗಡಿಯಲ್ಲಿ ಆ ಔಷಧಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ತಿರುಗಿ ಬರುವಾಗ ಒಂಬತ್ತೂಕಾಲು. ನಾನು ಹೋದ ಸ್ವಲ್ಪ ಹೊತ್ತಿಗೇ ಹೋಟೆಲಿನಲ್ಲಿ ಕರೆಂಟು ಹೋಗಿತ್ತು. ಜನರೇಟರ್ ಇದೆ, ಆದರೆ ಅದು ಕೌಂಟರಿಗೆ ಮತ್ತು ಲಿಫ್ಟಿಗೆ. ಮೂರನೆಯ ಮಹಡಿಯ 'ಡೀಲಕ್ಸ್'ಗೆ ಇಲ್ಲ.

ಅಪ್ಪನ ಮೊಬೈಲು ಚಾರ್ಜಿಗೆ ಹಾಕಿದ್ದು ಆ ಬಾತ್‌ರೂಮಿನ ಬಳಿಯ ಪ್ಲಗ್ಗಿಗೆ. ಕತ್ತಲಲ್ಲಿ ಅಲ್ಲಿಗೆ ಹೋಗುವ ಹಾಗಿಲ್ಲ. ಮಂಚದ ಪಕ್ಕದಲ್ಲಿ ಹಳೇ ಕಾಲದ ಫೋನು. ಹೋಗುವಾಗ ನಾನೇ ತೋರಿಸಿದ್ದೆ, ಒಂಬತ್ತು ಒತ್ತಿದರೆ ಕೆಳಗಿನವರು ಎತ್ತುತ್ತಾರೆ ಎಂದು. ಅಪ್ಪ ತಡಕಾಡಿ ಒಂಬತ್ತು ಒತ್ತಿದರು.

"ಕರೆಂಟ್ ಹೋಗೇತ್ರೀ. ನನಗ ಕಣ್ಣ ಕಾಣಂಗಿಲ್ಲ. ಯಾರರ ಮ್ಯಾಲ ಬರ್ರಿ."

"ಹಿಂದಿ ಮೇ ಬೋಲಿಯೇ."

ಅಪ್ಪ ಮತ್ತೆ ಹೇಳಿದರು. ಆ ಕಡೆಯಿಂದ ಮತ್ತೆ ಅದೇ ಉತ್ತರ, ಈ ಸಲ 'ಬೋಲಿಯೇ' ಹೋಗಿ 'ಬೋಲೋ' ಆಗಿತ್ತು. ಮೂರನೆಯ ಸಲ ಮಾಡಿದಾಗ ಯಾರೂ ಎತ್ತಲೇ ಇಲ್ಲ. ಅಪ್ಪ ಎದ್ದು ಬಾಗಿಲು ಹುಡುಕಲು ಹೋಗಿ ಟೀಪಾಯಿಗೆ ಮೊಣಕಾಲು ಬಡಿಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಹೊಡೆತ ಮೊಣಕಾಲಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ಅಷ್ಟೇ ನಮ್ಮ ಪುಣ್ಯ.

ಗೋಕಾಕ್ ಚಳವಳಿಯ ಕಾಲದಲ್ಲಿ, 1982ರಲ್ಲಿ, ಹಾವೇರಿಯ ಬೀದಿಯಲ್ಲಿ ಬಾವುಟ ಹಿಡಿದು ನಡೆದ ಮನುಷ್ಯ ಅವರು. ಅಂಥವರು ಕರ್ನಾಟಕದ ರಾಜಧಾನಿಯಲ್ಲಿ, 2025ರ ನವೆಂಬರಿನಲ್ಲಿ, ರಾಜ್ಯೋತ್ಸವದ ತೋರಣ ಇನ್ನೂ ಬಿಚ್ಚಿರದ ಹೋಟೆಲಿನಲ್ಲಿ, 'ಕಣ್ಣು ಕಾಣುವುದಿಲ್ಲ' ಎಂಬ ಎರಡು ಶಬ್ದ ಅರ್ಥ ಮಾಡಿಸಲಾಗದೆ ಕತ್ತಲಲ್ಲಿ ಕೂತಿದ್ದರು!

ಕಡೆಗೆ ಅವರ ಬಳಿಗೆ ಬಂದವನು ಯಾರು ಗೊತ್ತೇ? ಬಕೆಟ್ಟು, ಟವೆಲ್ಲು ಹೊರುವ ರೂಮ್ ಬಾಯ್. ಒಡಿಶಾದ ಹುಡುಗ. ಕೂಗು ಕೇಳಿ ಬಾಗಿಲು ತೆಗೆದು, ಮೊಬೈಲ್ ಬೆಳಕು ಹಿಡಿದು, "ಅಜ್ಜ, ಹೆದರ್‌ಬೇಡಿ, ನಾನು ಇದೀನಿ" ಅಂದನಂತೆ. ನಾನು ಬಂದಾಗ ಅಪ್ಪನ ಪಕ್ಕ ನೆಲದ ಮೇಲೇ ಕುಳಿತಿದ್ದ. ನಾಲ್ಕು ವರ್ಷದಿಂದ ಇಲ್ಲಿದ್ದಾನಂತೆ. ಯಾರು ಕಲಿಸಿದರಪ್ಪಾ ಕನ್ನಡ ಎಂದು ಕೇಳಿದರೆ, "ಯಾರೂ ಇಲ್ಲ ಸಾರ್, ಗೆಸ್ಟ್ ಮಾತಾಡ್ತಾರೆ, ನಾನು ಕೇಳ್ತೀನಿ" ಅಂದ. ಆದ್ದರಿಂದ ಹೊರಗಿನಿಂದ ದುಡಿಯಲು ಬಂದ ಹುಡುಗರ ಮೇಲೆ ಕೈ ತೋರಿಸುವ ಅವಸರ ಯಾರಿಗೂ ಬೇಡ. ಮೆಟ್ಟಿಲು ಹತ್ತಿಳಿಯುವವನು ಕಲಿತ. ಕುರ್ಚಿಯ ಮೇಲೆ ಕೂತವನಿಗೆ ಕಲಿಯುವ ಅಗತ್ಯ ಬೀಳಲಿಲ್ಲ, ಯಾಕೆಂದರೆ ಕಲಿ ಎಂದು ಅವನ ಧಣಿ ಹೇಳಲಿಲ್ಲ.

ಆ ಧಣಿ ಯಾರು? ಇಲ್ಲಿಯೇ ನನಗೆ ನಾಚಿಕೆಯಾದದ್ದು. ಬೆಳಿಗ್ಗೆ ಜಗಳ ತೆಗೆದಾಗ ಒಳಗಿನಿಂದ ಮ್ಯಾನೇಜರ್ ಬಂದ. ಅಚ್ಚ ಕನ್ನಡಿಗ! ಮಾಲೀಕರೂ ನಮ್ಮವರೇ ಸಾರ್ ಎಂದ. ಕೌಂಟರಿನ ಹಿಂದೆ ಭುವನೇಶ್ವರಿಯ ಪಟ, ಅದಕ್ಕೆ ಹಳದಿ ಕೆಂಪು ದಾರ. "ಏನ್ ಮಾಡೋದು ಸಾರ್, ನಮ್ಮ ಹುಡುಗರು ಈ ಕೆಲಸಕ್ಕೆ ಬರಲ್ಲ. ಬಂದ್ರೂ ನೈಟ್ ಡ್ಯೂಟಿ ಅಂದ್ರೆ ಮೂರು ದಿನಕ್ಕೆ ಓಡೋಗ್ತಾರೆ."

ಅವನ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಕಡೆಯ ಹುಡುಗರಿಗೂ ಹೋಟೆಲ್ ಕೆಲಸವೆಂದರೆ ಒಂದು ಸಸಾರ ಬಂದಿದೆ, ಒಪ್ಪುತ್ತೇನೆ. ಆದರೆ ನಾನು ಕೇಳಿದೆ: "ರಾತ್ರಿ ಪಾಳಿಗೆ ಎಷ್ಟು ಸಂಬಳ ಕೊಡ್ತೀರಿ? ಕನ್ನಡದವರು ಬೇಕಾಗಿದ್ದಾರೆ ಅಂತ ಒಂದು ಬೋರ್ಡು ಎಂದಾದರೂ ಹಾಕಿದ್ದೀರಾ?" ಮ್ಯಾನೇಜರ್ ಪೇಪರ್ ಜೋಡಿಸತೊಡಗಿದ. ಧಾರವಾಡದಿಂದ ಲೋಕಸಭೆಗೆ ಹೋಗಿದ್ದ ಸರೋಜಿನಿ ಮಹಿಷಿಯವರ ಸಮಿತಿ ಕನ್ನಡಿಗರ ಉದ್ಯೋಗಕ್ಕಾಗಿ 58 ಶಿಫಾರಸು ಬರೆದುಕೊಟ್ಟದ್ದು 1986ರಲ್ಲಿ. ನಾವು ಅದನ್ನು ಹಿಡಿದು ಸರ್ಕಾರದ ಬಾಗಿಲು ಬಡಿದೆವು, ಕಾರ್ಖಾನೆಗಳ ಬಾಗಿಲು ಬಡಿದೆವು. ನಮ್ಮವನದೇ ಹೋಟೆಲಿನ ಬಾಗಿಲನ್ನು ಯಾರು ಬಡಿದರು?

ಬಿಲ್ಲು ಬಂತು. ಒಂದಕ್ಷರ ಕನ್ನಡ ಇಲ್ಲ. ಕೆಳಗೆ ನೋಡಿದರೆ ಜಿಎಸ್‌ಟಿ ಶೇ. 12, ಅಂದರೆ 912 ರೂಪಾಯಿ. ದಿನಕ್ಕೆ 7,500 ರೂಪಾಯಿ ಮೀರದ ರೂಮಿಗೆ ಈ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಿದ್ದಾರೆ. ಆ ಲೆಕ್ಕಕ್ಕೆ ಆಗಬೇಕಾದದ್ದು 380. ಹೆಚ್ಚಿಗೆ ಹಾಕಿದ್ದು 532 ರೂಪಾಯಿ! ಕೇಳಿದ ಕೂಡಲೇ "ಸಾಫ್ಟ್‌ವೇರ್ ಸಾರ್, ಅಪ್‌ಡೇಟ್ ಆಗಿಲ್ಲ" ಎಂದು ತೆಗೆದರು. ತರಿಸಿಕೊಂಡಿದ್ದ ಕಾಫಿ-ತಿಂಡಿಗೆ ಶೇ. 10 ಸೇವಾ ಶುಲ್ಕ ಬೇರೆ. ಹೀಗೆ ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋಗಿ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೋತಿದ್ದಾರೆ. ಅದನ್ನೂ ತೆಗೆಸಿದೆ. ಆದರೆ ಇಂಗ್ಲಿಷ್ ಬಿಲ್ಲು ಓದಲು ಬಾರದ ರೈತ, ಆಸ್ಪತ್ರೆಗೆ ಬಂದ ತಾಯಿ, ವಿಧಾನಸೌಧಕ್ಕೆ ಕಡತದ ಹಿಂದೆ ಅಲೆಯಲು ಬಂದ ನಿವೃತ್ತ ಮಾಸ್ತರು ಏನು ಮಾಡುತ್ತಾರೆ? ಎಣಿಸಿ ಕೊಟ್ಟು ಹೋಗುತ್ತಾರೆ. ಗೊತ್ತಾಗದ ಭಾಷೆಯಲ್ಲಿ ಬಿಲ್ಲು ಬರೆಯುವುದರ ಅನುಕೂಲ ಇದೇ ನೋಡಿ.

ಈಗ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳೋಣ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ಹೋರಾಟ ನಡೆಯಿತು, ಕಾರ್ಯಕರ್ತರು ಜೈಲು ಕಂಡರು. ಮರುವರ್ಷ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಫಲಕದಲ್ಲಿ ಶೇ. 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಸಣ್ಣ ಗೆಲುವಲ್ಲ ಅದು. ಆದರೆ ಈ ಹೋಟೆಲಿನವನು ಏನು ಮಾಡಿದ? ಪೇಂಟರ್‌ಗೆ ದುಡ್ಡು ಕೊಟ್ಟು ಹೊರಗೆ ಶೇ. 60 ಬರೆಸಿದ. ಆ ಬೋರ್ಡು ನೋಡಿ ನಂಬಿ ಒಳಗೆ ಹೋದವನು ನಾನು! ನಾವು ಅಳತೆಪಟ್ಟಿ ಹಿಡಿದು ಅಕ್ಷರದ ಎತ್ತರ ಅಳೆದೆವು, ಫೋಟೋ ತೆಗೆಸಿಕೊಂಡೆವು, ಬಾಗಿಲಿಂದಾಚೆ ಹೆಜ್ಜೆ ಇಡಲಿಲ್ಲ. ಕೌಂಟರಿನಲ್ಲಿ ಯಾರಿದ್ದಾರೆ, ಫೋನು ಯಾರು ಎತ್ತುತ್ತಾರೆ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಪ್ರತಿ ಪಾಳಿಯಲ್ಲಿ, ಅದರಲ್ಲೂ ರಾತ್ರಿ ಪಾಳಿಯಲ್ಲಿ, ಕನ್ನಡ ಬಲ್ಲ ಒಬ್ಬನಾದರೂ ಫೋನಿನ ಬಳಿ ಇರಬೇಕು. ದರಪಟ್ಟಿ, ಬಿಲ್ಲು, ಬೆಂಕಿಯ ಎಚ್ಚರಿಕೆ ಕನ್ನಡದಲ್ಲಿ ಇರಬೇಕು, ಜೊತೆಗೆ ಬೇರೆ ಎಷ್ಟು ಭಾಷೆ ಬೇಕಾದರೂ ಇರಲಿ. ಲೈಸೆನ್ಸ್ ಕೊಡುವುದು ಪಾಲಿಕೆ. 2025ರಿಂದ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆ. ಈ ಐದರಲ್ಲಿ ಒಂದಾದರೂ ಲೈಸೆನ್ಸ್ ನವೀಕರಿಸುವಾಗ ಈ ಷರತ್ತು ಹಾಕಲಿ ನೋಡೋಣ. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಬಿಲ್ಲಿನ ಪ್ರತಿ ಇಟ್ಟು ಅರ್ಜಿ ಬರೆದಿದ್ದೇನೆ. ನೀವೂ ಬರೆಯಿರಿ. ದುಡ್ಡಿನ ಮೋಸವಾದರೆ 1915ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ದೂರು ಹೇಳಬಹುದು. ಬಿಲ್ಲು ಮಾತ್ರ ಬಿಸಾಡಬೇಡಿ.

ಅಪ್ಪನ ಕಣ್ಣು ಈಗ ಪರವಾಗಿಲ್ಲ. ಇನ್ನೊಂದು ತಪಾಸಣೆ ಬಾಕಿ ಇದೆ. ಈ ಸಲ ರೈಲ್ವೆ ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಜಾಗ ಕೇಳೋಣ ಎಂದಿದ್ದಾರೆ ಅಪ್ಪ. ನೂರು ವರ್ಷ ದಾಟಿದ ಛತ್ರ ಅದು. ಅವರನ್ನು ಅಲ್ಲಿ ಮಲಗಿಸಿ, ಅಂದು ರಾತ್ರಿ ಎಂಟೂವರೆಗೆ ನಾನು ಆ ಹೋಟೆಲಿಗೆ ಹೋಗುವವನಿದ್ದೇನೆ. ರೂಮು ಕೇಳುವುದಿಲ್ಲ. ಕೌಂಟರಿನ ಮುಂದೆ ನಿಂತು, "ನನ್ನ ತಂದೆಗೆ ಕಣ್ಣು ಕಾಣುವುದಿಲ್ಲ, ಯಾರಾದರೂ ಮೇಲೆ ಬನ್ನಿ" ಎಂದು ಕನ್ನಡದಲ್ಲಿ ಹೇಳಿ ಏನು ಉತ್ತರ ಬರುತ್ತದೋ ಕೇಳುತ್ತೇನೆ. ಗಾಂಧಿನಗರದ ಸುತ್ತಮುತ್ತ ಇರುವವರು ಜೊತೆಗೆ ಬನ್ನಿ. ಗಲಾಟೆ ಬೇಡ, ಕಲ್ಲು ಬೇಡ. ಬರುವಾಗ ಆ ಒಡಿಶಾದ ಹುಡುಗನಿಗೆ ಒಂದು ಕನ್ನಡ ಕಲಿಕೆಯ ಪುಸ್ತಕ ತನ್ನಿ, ಓದಲೂ ಕಲಿಯಬೇಕು ಅಂತ ಕೇಳಿದ್ದ.