ಭಾನುವಾರ ನೋಡಿದ ಮನೆ

ಚಿಕ್ಕಪೇಟೆಯಲ್ಲಿ ಒಂದು ರೇಷ್ಮೆ ಸೀರೆ ತೆಗೆಯಲು ನಮ್ಮವರಿಗೆ ಮೂರು ಗಂಟೆ ಬೇಕು. ಅಂಗಡಿಯವನು ಮೂವತ್ತು ಸೀರೆ ಬಿಡಿಸಿ ಹಾಸಬೇಕು, ಸೆರಗನ್ನು ಬಾಗಿಲಾಚೆಯ ಬಿಸಿಲಿಗೆ ಹಿಡಿದು ನೋಡಬೇಕು, ಜರಿಯನ್ನು ಉಗುರಿನಲ್ಲಿ ಕೆರೆದು ನೋಡಬೇಕು. ಅಷ್ಟಾದ ಮೇಲೂ ‘ಇನ್ನೊಂದು ಅಂಗಡಿ ನೋಡ್ಕೊಂಡು ಬರ್ತೀವಿ’ ಎಂದು ಎದ್ದು ಹೋಗಬೇಕು. ಅದೇ ಜನ ವರ್ತೂರಿನಾಚೆ ಒಂದೂಕಾಲು ಕೋಟಿಯ ಫ್ಲ್ಯಾಟು ನೋಡಲು ಭಾನುವಾರ ಹನ್ನೊಂದಕ್ಕೆ ಹೋಗಿ, ಏಸಿ ಹಾಕಿದ ಮಾದರಿ ಮನೆಯಲ್ಲಿ ಕಾಫಿ ಕುಡಿದು, ಹನ್ನೆರಡೂವರೆಗೆ ಟೋಕನ್ ಅಡ್ವಾನ್ಸ್ ಕೊಟ್ಟು ಎದ್ದು ಬರುತ್ತಾರೆ. ಮನೆಗೆ ಬಂದು ಕೈತೊಳೆದು ಊಟಕ್ಕೆ ಕೂರುವ ಹೊತ್ತಿಗೆ ಇಪ್ಪತ್ತು ವರ್ಷದ ಸಾಲ ತಲೆಯ ಮೇಲೆ ಬಂದು ಕೂತಿರುತ್ತದೆ.

ಇದನ್ನು ಭೋಳೇತನ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಭೋಳೆ ಜನಕ್ಕೆ ಬ್ಯಾಂಕು ಇಷ್ಟೊಂದು ಸಾಲ ಕೊಡುವುದಿಲ್ಲ. ಇದು ಓದಿದವರ, ತಿಂಗಳಾಗುತ್ತಲೇ ಸಂಬಳ ಎಣಿಸುವವರ ಸೋಮಾರಿತನ. ಕಚೇರಿಗೆ ಒಂದು ಪ್ರಿಂಟರ್ ಕೊಳ್ಳಬೇಕಾದರೂ ಮೂರು ಕಡೆ ಕೊಟೇಷನ್ ತರಿಸುವವರು, ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಎಲ್ಲಿ ಬದುಕಬೇಕು ಎಂಬ ವಿಷಯಕ್ಕೆ ಬಂದಾಗ ಮೂರೇ ಪ್ರಶ್ನೆ ಕೇಳುತ್ತಾರೆ. ಚದರಡಿಗೆ ಎಷ್ಟು? ಬಾಗಿಲು ಯಾವ ದಿಕ್ಕಿಗೆ? ಐದು ವರ್ಷ ಬಿಟ್ಟು ಮಾರಿದರೆ ಎಷ್ಟು ಬರಬಹುದು? ಇನ್ನೂ ಕಾಲಿಡದ ಮನೆಯನ್ನು ಮಾರುವ ಯೋಚನೆ ಆಗಲೇ ಮುಗಿದಿರುತ್ತದೆ. ಅಲ್ಲಿ ಬಾಳುವ ಯೋಚನೆ ಶುರುವೇ ಆಗಿರುವುದಿಲ್ಲ.

ಈಶಾನ್ಯಕ್ಕೆ ಸಂಪು ಇದೆಯೇ ಎಂದು ವಿಚಾರಿಸುತ್ತಾರೆ. ಆ ಸಂಪಿಗೆ ನೀರು ಎಲ್ಲಿಂದ ಬರುತ್ತದೆ ಎಂದು ವಿಚಾರಿಸುವುದಿಲ್ಲ.

ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವ ನದಿಯಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಹಗಲಿರುಳು ಪಂಪು ಮಾಡಿ ತರುವ ನೀರು ಅದು. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದೇ ಕೈಗೊಂಡ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ ಕಳೆದವು. ಅಷ್ಟೂ ವರ್ಷ ಆ ಹಳ್ಳಿಗಳಲ್ಲಿ ಮನೆ ಕೊಂಡವರಿಗೆ ಮಾರುವವನು ಹೇಳುತ್ತಿದ್ದುದು ಒಂದೇ ಮಾತು: ‘ಕಾವೇರಿ ಬರ್ತಾ ಇದೆ ಸಾರ್.’ ಅವನು ಸುಳ್ಳು ಹೇಳಲಿಲ್ಲ. ಬರ್ತಾನೇ ಇತ್ತು.

ಕಾಗದ ಪೆನ್ನು ತೆಗೆದುಕೊಂಡು ಐದು ನಿಮಿಷ ಕೂತರೆ ಸಾಕಿತ್ತು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ನಾಲ್ವರ ಸಂಸಾರಕ್ಕೆ 540. ಮುನ್ನೂರು ಮನೆಯ ಸಮುಚ್ಚಯಕ್ಕೆ 1,62,000 ಲೀಟರ್. ಅಂದರೆ 12,000 ಲೀಟರಿನ ಹದಿಮೂರೂವರೆ ಟ್ಯಾಂಕರು, ಅದೂ ದಿನಂಪ್ರತಿ. 2024ರ ಮಾರ್ಚಿನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಒಣಗಿದಾಗ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಯಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ಟ್ಯಾಂಕರು ಸಿಕ್ಕವರು ಪುಣ್ಯವಂತರು. ಕಂತಿನ ಬಡ್ಡಿಯಲ್ಲಿ ಕಾಲು ಪರ್ಸೆಂಟಿಗೆ ಮೂರು ಬ್ಯಾಂಕು ಅಲೆಯುವ ನಾವು ಈ ಲೆಕ್ಕವನ್ನೇಕೆ ಹಾಕುವುದಿಲ್ಲ? ಹಾಕಿದರೆ ಆ ಬಾಲ್ಕನಿ ಕೈತಪ್ಪಿಹೋದೀತೆಂಬ ಭಯ. ಗೊತ್ತಾಗಬಾರದು ಎಂದೇ ಕೇಳುವುದಿಲ್ಲ.

ಬೈಯುವ ನಾನೂ ಇದೇ ಗುಂಪಿನವನು. ಹೊರವಲಯದ ಬಡಾವಣೆಯೊಂದಕ್ಕೆ ಹೋಗಿ ಕೂತ ಮೊದಲ ಬೇಸಿಗೆಯಲ್ಲಿ, ಪಕ್ಕದ ಮನೆಯವರ ಹೆಸರು ತಿಳಿಯುವ ಮೊದಲೇ ನನಗೆ ಟ್ಯಾಂಕರಿನವನ ಮೊಬೈಲ್ ನಂಬರು ಬಾಯಿಪಾಠವಾಗಿತ್ತು.

ನೀರಿಲ್ಲದ್ದು ಒಂದು ಕಥೆಯಾದರೆ ನೀರು ನುಗ್ಗುವುದು ಇನ್ನೊಂದು. ಈ ವಿಷಯದಲ್ಲಿ ಕನ್ನಡ ಬಲ್ಲವರಿಗಂತೂ ಕ್ಷಮೆಯೇ ಇಲ್ಲ. ದೂರದೂರಿನಿಂದ ಬಂದವರಿಗೆ ‘ಸಂದ್ರ’ ಎಂದರೆ ಏನೆಂದು ತಿಳಿಯದಿರಬಹುದು, ನಮಗೆ ತಿಳಿಯಬೇಡವೇ? ಸಮುದ್ರ ಸವೆದು ಸಂದ್ರವಾಗಿದೆ, ದೊಡ್ಡ ಕೆರೆಗೆ ಹಿಂದಿನವರು ಇಟ್ಟ ಹೆಸರು. ಥಣಿಸಂದ್ರ, ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಅರಕೆರೆ, ಕಲ್ಕೆರೆಗಳಿಗೆ ಅರ್ಥ ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ಹೆಸರಿನಲ್ಲಿ ಕೆರೆ ಇದ್ದಲ್ಲೆಲ್ಲ ಮನೆ ಮುಳುಗುತ್ತದೆ ಎಂದಲ್ಲ. ಆದರೆ ‘ಕೆರೆ ಎಲ್ಲಿತ್ತು, ಕೋಡಿ ಯಾವ ಕಡೆ ಬೀಳುತ್ತಿತ್ತು’ ಎಂದು ಊರೊಳಗಿನ ಮುದುಕರೊಬ್ಬರನ್ನು ಕೇಳುವಷ್ಟು ವ್ಯವಧಾನ ಬೇಕು. ನಾವೋ, ಊರಿನ ಹೆಸರನ್ನು ವಿಳಾಸದ ಕೊನೆಯ ಸಾಲಿಗೆ ತಳ್ಳಿ, ಬಿಲ್ಡರ್ ಇಟ್ಟ ಇಟಲಿಯದೋ ಸ್ಪೇನಿನದೋ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುತ್ತೇವೆ. ‘ಲೇಕ್ ವ್ಯೂ’ ಎಂದರೆ ಮೇಲೆ ಎರಡು ಲಕ್ಷ ಜಾಸ್ತಿಯನ್ನೂ ಕೊಡುತ್ತೇವೆ. ಬೆಳ್ಳಂದೂರಿನಲ್ಲಿ ಹಾಗೆ ಕೊಟ್ಟವರು 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಬಿದ್ದು ಹೊಗೆ ಏಳುವುದನ್ನು ತಮ್ಮ ಬಾಲ್ಕನಿಯಿಂದಲೇ ನೋಡಿದರು.

2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಸರ್ಜಾಪುರ ರಸ್ತೆಯ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ನಾಡೆಲ್ಲ ಟೀವಿಯಲ್ಲಿ ನೋಡಿತು. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. ಎರಡೂ ಸಲ ದೋಣಿ ಇಳಿಸಬೇಕಾಯಿತು. ಕೆರೆಯ ಅಂಚಿನಿಂದ 75 ಮೀಟರ್ ಜಾಗ ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಅಳತೆ ಹಳೆಯ 30 ಮೀಟರಿಗೇ ಬಂತು. ನೀರು ಎರಡು ತೀರ್ಪನ್ನೂ ಓದಿಲ್ಲ. ಸರ್ಕಾರದ್ದೇ ‘ದಿಶಾಂಕ್’ ಎಂಬ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರು ಯಾವುದು, ಹಳ್ಳ ಹರಿಯುತ್ತಿದ್ದದ್ದು ಎಲ್ಲಿ, ಕೆರೆಯ ಗಡಿ ಎಲ್ಲಿತ್ತು ಎಂಬುದನ್ನು ಹಳೆಯ ಗ್ರಾಮನಕ್ಷೆಯ ಮೇಲೆ ತೋರಿಸುತ್ತದೆ. ಅದಕ್ಕೆ ಕಾಸು ಕೊಡಬೇಕಿಲ್ಲ. ಆದರೆ ಸೈಟು ನೋಡಲು ಹೋದ ನಮ್ಮ ಹುಡುಗರು ಮೊಬೈಲು ತೆಗೆದು ನೋಡುವುದು ಇಲ್ಲಿಗೆ ಹತ್ತು ನಿಮಿಷದಲ್ಲಿ ದಿನಸಿ ತಂದುಕೊಡುತ್ತಾರೋ ಇಲ್ಲವೋ ಎಂಬುದನ್ನು.

ಬಿ ಖಾತಾ, ಓಸಿ ಇಲ್ಲದ ಕಟ್ಟಡ, ಕಂದಾಯ ನಿವೇಶನ, ಇವುಗಳ ಬಗ್ಗೆ ಹೇಳಿ ಹೇಳಿ ವಕೀಲರ ನಾಲಿಗೆ ಸವೆದಿದೆ. ‘ಎಲ್ಲರೂ ತಗೊಂಡಿದ್ದಾರಲ್ಲ, ಅವರಿಗಾದದ್ದು ನಮಗೂ ಆಗುತ್ತೆ’ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಿಜವಾಗಿಯೂ ಹಾಗೇ ಆಗುತ್ತದೆ.

ಇನ್ನು ದೂರದ ಮಾತು. ಬ್ರೋಶರಿನಲ್ಲಿ ಎಲ್ಲವೂ ಇಪ್ಪತ್ತು ನಿಮಿಷ. ಭಾನುವಾರ ಹನ್ನೊಂದಕ್ಕೆ ಕಾರಿನಲ್ಲಿ ಹೋದವರಿಗೆ ಅದು ನಿಜವೂ ಆಗುತ್ತದೆ. ಮೇಲೆ ನಕ್ಷೆಯಲ್ಲೊಂದು ಚುಕ್ಕೆಗೆರೆ: ಮೆಟ್ರೋ ಬರ್ತಾ ಇದೆ, ವರ್ತುಲ ರಸ್ತೆ ಬರ್ತಾ ಇದೆ. ಬೊಮ್ಮಸಂದ್ರದ ಹಳದಿ ಮಾರ್ಗವನ್ನು ನಂಬಿ 2017ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆ ಮನೆ ಮಾಡಿ ಮಗುವನ್ನು ಒಂದನೇ ತರಗತಿಗೆ ಸೇರಿಸಿದವರು, ರೈಲು ಹತ್ತಿದ್ದು ಆ ಮಗು ಒಂಬತ್ತನೇ ತರಗತಿಗೆ ಬಂದ ಮೇಲೆ, 2025ರ ಆಗಸ್ಟಿನಲ್ಲಿ. ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟಿದ್ದರು. 40 ತಿಂಗಳು ಮುಗಿಯಿತು, ರೈಲು ಬರಲಿಲ್ಲ. ಪೆರಿಫೆರಲ್ ರಿಂಗ್ ರೋಡಿಗೆ ಅಂತಿಮ ಅಧಿಸೂಚನೆ ಬಿದ್ದದ್ದು 2007ರಲ್ಲಿ. ಹೀಗಿದ್ದೂ ಚುಕ್ಕೆಗೆರೆ ತೋರಿಸಿದ ಕೂಡಲೇ ಚದರಡಿಗೆ ಐನೂರು ಹೆಚ್ಚು ಕೊಡುವವರನ್ನು ಏನೆಂದು ಕರೆಯಬೇಕು? ತಪ್ಪು ಸರ್ಕಾರದ್ದು, ಹೌದು. ಆದರೆ ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದೂ ಅದರ ಮಾತು ನಂಬುವುದು ಯಾರ ತಪ್ಪು?

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆಯೇ ವಿಷಯಕ್ಕೆ. ಮನೆ ಎಲ್ಲಿರಬೇಕೆಂದು ತೀರ್ಮಾನಿಸುವವನು ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟೂವರೆಗೆ ಬರುವ ಮನುಷ್ಯ. ಇಡೀ ದಿನ ಅಲ್ಲಿರಬೇಕಾದವರನ್ನು ಯಾರೂ ಕೇಳುವುದಿಲ್ಲ. ತಿಪಟೂರಿನಲ್ಲೋ ಕಡೂರಿನಲ್ಲೋ ನಲವತ್ತು ವರ್ಷ ಸಂಸಾರ ಮಾಡಿದ ತಾಯಿಯನ್ನು, ಅಪ್ಪ ತೀರಿಕೊಂಡ ಮೇಲೆ, ಮಗ ಕರೆತಂದು ಹದಿನಾಲ್ಕನೇ ಮಹಡಿಯಲ್ಲಿ ಇರಿಸುತ್ತಾನೆ. ಊರಿನಲ್ಲಿದ್ದಾಗ ಆಕೆ ದೇವಸ್ಥಾನಕ್ಕೆ, ಹಿಟ್ಟಿನ ಗಿರಣಿಗೆ, ಪಿಂಚಣಿಗೆಂದು ಬ್ಯಾಂಕಿಗೆ ನಡೆದೇ ಹೋಗುತ್ತಿದ್ದರು. ದಾರಿಯಲ್ಲಿ ಹತ್ತು ಜನ ‘ಎಲ್ಲಿಗೆ ಹೊರಟ್ರಿ’ ಎಂದು ಕೇಳುತ್ತಿದ್ದರು. ಇಲ್ಲಿ ಒಂದು ಕಂತೆ ಕರಿಬೇವಿಗೂ ಸೊಸೆಯ ಮೊಬೈಲು ಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆ ಬೀದರಿನವರೆಗೆ ಕಾಸು ಕೊಡದೆ ಬಸ್ಸಿನಲ್ಲಿ ಹೋಗಬಹುದು. ಬಸ್‌ಸ್ಟಾಪಿಗೆ ಹೋಗಲು ಮಾತ್ರ ಮಗ ಆಟೋ ಬುಕ್ ಮಾಡಬೇಕು, ಏಕೆಂದರೆ ಗೇಟಿನಾಚೆ ಫುಟ್‌ಪಾತ್ ಇಲ್ಲ, ಜಲ್ಲಿ ಲಾರಿಗಳಿವೆ. ‘ಲಿಫ್ಟಿನಲ್ಲಿ ಎಲ್ಲರೂ ನಗ್ತಾರಪ್ಪಾ, ಯಾವ ಭಾಷೆಯಲ್ಲಿ ನಗ್ತಾರೋ ಗೊತ್ತಾಗಲ್ಲ’ ಎಂದಿದ್ದರು ಅಂಥ ಒಬ್ಬ ತಾಯಿ. ಅವರ ಮಗನಿಗೆ ಹೇಳಿದರೆ, ‘ಅಮ್ಮನಿಗೇನು ಕಮ್ಮಿ ಸಾರ್, ಕೆಳಗೆ ಕ್ಲಬ್‌ಹೌಸ್ ಇದೆ’ ಎಂದ.

ಮಕ್ಕಳ ಸ್ಥಿತಿಯೇನು ಬೇರೆಯಲ್ಲ. ಶಾಲೆಯ ಬಸ್ಸು ಆರು ಐವತ್ತಕ್ಕೆ. ಮಗು ತೂಕಡಿಸುತ್ತ ಹೋಗಿ ತೂಕಡಿಸುತ್ತ ಬರುತ್ತದೆ. ‘ಒಳ್ಳೆಯ ಸ್ಕೂಲಿದೆ’ ಎಂದು ಆ ಕಡೆ ಹೋದೆವೆನ್ನುವ ಅಪ್ಪ ಅಮ್ಮಂದಿರು ಆ ಶಾಲೆ ನೋಡಿದ್ದೂ ಮನೆ ನೋಡಿದ ಭಾನುವಾರವೇ. ಅಂದರೆ ಅವರು ನೋಡಿದ್ದು ಬೀಗ ಹಾಕಿದ ಗೇಟನ್ನು.

‘ದುಡ್ಡಿಲ್ಲದವರು ಎಲ್ಲಿಗೆ ಹೋಗಬೇಕು’ ಎಂದು ಕೇಳುವವರಿದ್ದಾರೆ. ಹೊಟ್ಟೆ ಬಟ್ಟೆ ಕಟ್ಟಿ ಇಪ್ಪತ್ತು ಮೂವತ್ತರ ಸೈಟು ಕೊಂಡು ಶೀಟು ಹಾಕಿಕೊಂಡವರ ಮೇಲೆ ನನ್ನ ಮಾತಿಲ್ಲ. ಅವರಿಗೆ ಆಯ್ಕೆ ಎಂಬುದೇ ಇರಲಿಲ್ಲ. ಕೋಟಿ ಇಟ್ಟುಕೊಂಡು ಹೊರಟವರನ್ನು ಕೇಳುತ್ತಿದ್ದೇನೆ. ಅದೇ ದುಡ್ಡಿಗೆ, ಅಥವಾ ಅದಕ್ಕಿಂತ ಕಡಿಮೆಗೆ, ಕೆಂಗೇರಿ ಉಪನಗರದಲ್ಲೋ ಯಲಹಂಕ ನ್ಯೂ ಟೌನಿನಲ್ಲೋ ಹಳೆಯ ಮನೆಯೊಂದು ಸಿಕ್ಕೀತು. ಒಂದು ಕೋಣೆ ಕಡಿಮೆ, ಗೋಡೆಗೆ ಸುಣ್ಣ ಬೇಕು, ಈಜುಕೊಳವಿಲ್ಲ. ಬೀದಿಯಲ್ಲಿ ಮರವಿದೆ, ಬಸ್ಸಿದೆ, ಬೆಳಗ್ಗೆ ಹೂವಿನವಳು ಬರುತ್ತಾಳೆ; ಕೆಂಗೇರಿಗಾದರೆ 2021ರಿಂದ ಮೆಟ್ರೋ ಕೂಡ ಇದೆ, ಚುಕ್ಕೆಗೆರೆಯದಲ್ಲ, ಓಡುವಂಥದ್ದು. ಇಂಥ ಮನೆ ತೋರಿಸಿದರೆ ಮುಖ ಸಿಂಡರಿಸುತ್ತಾರೆ. ನೆಂಟರಿಗೆ ತೋರಿಸಲು ಅಲ್ಲಿ ಏನೂ ಇಲ್ಲವಲ್ಲ. ಹೊರವಲಯವೇ ಬೇಕೆನ್ನುವವರು ಒಂದು ವರ್ಷ ಅಲ್ಲೇ ಬಾಡಿಗೆಗೆ ಇದ್ದು ನೋಡಬಹುದು. ಒಂದು ಮಾರ್ಚಿ, ಒಂದು ಸೆಪ್ಟೆಂಬರ್ ದಾಟಿದರೆ ಯಾವ ಬ್ರೋಶರೂ ಹೇಳದ್ದು ತಿಳಿಯುತ್ತದೆ. ಅದಕ್ಕೂ ಸಿದ್ಧ ಉತ್ತರವಿದೆ: ಬಾಡಿಗೆ ಅಂದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ನನ್ನ ಸೋದರಳಿಯನೊಬ್ಬ ಕಳೆದ ವಾರ ಇಂಥದ್ದೇ ಒಂದು ಫ್ಲ್ಯಾಟಿನ ಫೋಟೋ ಕಳಿಸಿದ್ದ. ಭಾನುವಾರ ನೋಡಿಕೊಂಡು ಬಂದಿದ್ದನಂತೆ. ಮಂಗಳವಾರ ಬೆಳಗ್ಗೆ ಎಂಟೂವರೆಗೆ ಅಲ್ಲಿಂದ ನಿನ್ನ ಆಫೀಸಿಗೆ ಒಮ್ಮೆ ಹೋಗಿ ನೋಡು, ಅಮ್ಮನನ್ನೂ ಕರೆದುಕೊಂಡು ಹೋಗಿ ಗೇಟಿನಿಂದ ಹತ್ತಿರದ ಅಂಗಡಿಯವರೆಗೆ ನಡೆಸು, ಬರುವಾಗ ಕಾವಲುಗಾರನ ಹತ್ತಿರ ದಿನಕ್ಕೆ ಎಷ್ಟು ಟ್ಯಾಂಕರು ಬರುತ್ತದೆಂದು ಕೇಳು ಎಂದೆ. ಆಯ್ತು ಮಾವ ಎಂದ. ಮೊನ್ನೆ ಫೋನು ಮಾಡಿ ಹೋಗಿದ್ದೆಯಾ ಎಂದು ವಿಚಾರಿಸಿದೆ. ಮಂಗಳವಾರ ರಜೆ ಸಿಗಲಿಲ್ಲವಂತೆ. ಗುರುವಾರಕ್ಕೆ ಸಿಕ್ಕಿದೆ, ಅವತ್ತು ಬ್ಯಾಂಕಿಗೆ ಹೋಗಿ ಸಾಲದ ಪತ್ರಕ್ಕೆ ಸಹಿ ಹಾಕಬೇಕು.