ಮೊದಲು ಇಲಿ ಪಾಷಾಣ ತೆಗೀರಿ, ಆಮೇಲೆ ಬೆಕ್ಕು ತನ್ನಿ

ಮೆಕ್ಕೆಜೋಳದ ಚೀಲ ಮನೆ ಸೇರಿತು ಅಂದ್ರೆ ಸಾಕು, ಹಳಿಯಾಳ, ಮುಂಡಗೋಡ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಶುರು: "ಇಲಿ ಕಾಟ ಭಾಳ ಆಗೇದ, ಬೆಕ್ಕಿನ ಮರಿ ಇದ್ರ ಹೇಳ್ರಿ." ಮರಿ ಬೇಗ ಸಿಗುತ್ತೆ, ದುಡ್ಡೂ ಬೇಡ. ಆದರೆ ಅದೇ ಮನೆಯ ಅಟ್ಟದ ಮೇಲೆ ಇಲಿ ಪಾಷಾಣವೂ ಇರುತ್ತೆ. ಇವೆರಡೂ ಒಂದೇ ಸೂರಿನಡಿ ಇರಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ತೋಟಗಾರಿಕೆ ಓದುವಾಗ ನಾವು ಬಾಯಿಪಾಠ ಮಾಡಿದ್ದು ಪ್ರಮಾಣ ಮಾತ್ರ: ಜಿಂಕ್ ಫಾಸ್ಫೈಡ್ 2%, ಬ್ರೋಮಾಡಿಯೋಲೋನ್ 0.005%. ತಿಂದ ಇಲಿ ಏನಾಗುತ್ತೆ ಅಂತ ಯಾರೂ ಯೋಚಿಸಲ್ಲ. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತೆ. ಬೆಕ್ಕಿಗೆ ಅಂಥ ಇಲಿಯೇ ಸುಲಭದ ಬೇಟೆ. ರಕ್ತ ಹೆಪ್ಪುಗಟ್ಟದೆ ಬೆಕ್ಕೂ ಸೊರಗುತ್ತೆ. ಒಸಡು ಬಿಳುಚಿದ್ದರೆ, ಮೂಗಲ್ಲಿ ರಕ್ತ ಕಂಡರೆ ಪಾಷಾಣದ ಪ್ಯಾಕೆಟ್ ಸಮೇತ ಪಶುವೈದ್ಯರ ಹತ್ತಿರ ಓಡಿ. ಇದಕ್ಕೆ ವಿಟಮಿನ್ ಕೆ1 ಔಷಧಿ ಇದೆ, ಆದರೆ ತಡ ಆಗಬಾರದು. ದನದ ಉಣ್ಣೆಗೆ ಹಚ್ಚುವ ಸೈಪರ್‌ಮೆಥ್ರಿನ್, ನಾಯಿಗೆ ಹಾಕುವ ಪರ್ಮೆಥ್ರಿನ್ ಪುಡಿ ಕೂಡ ಬೆಕ್ಕಿಗೆ ವಿಷವೇ.

ಇನ್ನು ಮರಿ ಆರಿಸೋದು. ಕಣ್ಣು ಬಿಟ್ಟ ಕೂಡಲೇ ತಾಯಿಯಿಂದ ಕಿತ್ತು ತರಬೇಡಿ, ಕನಿಷ್ಠ 8 ವಾರ ತುಂಬಲಿ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಬಾಲದ ಕೆಳಗೆ ಭೇದಿಯ ಕಲೆ ಇರಬಾರದು. ತಾಯಿ ಒಳ್ಳೆ ಬೇಟೆಗಾತಿಯಾ ಅಂತ ಕೇಳಿ, ಮರಿಗಳು ನೋಡಿ ಕಲಿಯೋದು ಅವಳಿಂದಲೇ. ಮೊಬೈಲಲ್ಲಿ ಪರ್ಷಿಯನ್ ಬೆಕ್ಕಿನ ಫೋಟೋ ನೋಡಿ ಮರುಳಾಗೋರಿಗೆ ಒಂದು ಮಾತು: ಜೋಯಿಡಾದ ಮಳೆಗಾಲದಲ್ಲಿ ನಮ್ಮ ಬಟ್ಟೆಯೇ ಒಣಗಲ್ಲ, ಆ ಉದ್ದ ಕೂದಲನ್ನು ದಿನಾ ಬಾಚೋರು ಯಾರು? ಊರ ಬೆಕ್ಕೇ ಸಾಕು.

ತಂದ ದಿನವೇ ಅಂಗಳಕ್ಕೆ ಬಿಟ್ಟರೆ ಓಡಿಹೋಗುತ್ತೆ. ಮೊದಲ ವಾರ ಒಂದೇ ಕೋಣೆ, ಒಂದು ಗೋಣಿಚೀಲ, ನೀರು, ಮರಳು ತುಂಬಿದ ಬುಟ್ಟಿ. ಇನ್ನೂ ಎರಡು ವಾರ ಮನೆಯೊಳಗೇ ಇರಲಿ. ನಾಯಿಗೆ ಬಾಗಿಲ ಸಂದಿಯಿಂದ ವಾಸನೆ ಪರಿಚಯ ಆಗಲಿ. "ಹೊಟ್ಟಿ ತುಂಬಿದ್ರ ಇಲಿ ಹಿಡಿಯೂದಿಲ್ಲ" ಅಂತ ಹಿರಿಯರು ಅಂತಾರೆ, ನಾನು ಒಪ್ಪಲ್ಲ. ಬೇಟೆ ಅದರ ಸ್ವಭಾವ. ಬರೀ ಹಾಲು-ಅನ್ನ ಹಾಕಿದರೆ ಟಾರಿನ್ ಸಿಗದೆ ಕಣ್ಣು, ಹೃದಯ ಕೆಡುತ್ತೆ. ಮೀನು, ಮಾಂಸ ಬೇಕೇ ಬೇಕು. ಸಸ್ಯಾಹಾರಿ ಮನೆಯವರು ಇದನ್ನು ಮೊದಲೇ ಯೋಚಿಸಿ. ಹಾಂ, ದೊಡ್ಡ ಹೆಗ್ಗಣದ ತಂಟೆಗೆ ಬೆಕ್ಕು ಹೋಗೋದು ಕಡಿಮೆ. ಕಾಳಿಗೆ ತಗಡಿನ ಡಬ್ಬಿ ಇರಲೇಬೇಕು.

ಸಾವಯವದವರು ಗಮನಿಸಿ: ಸಡಿಲ ಮಣ್ಣಿನ ಸೊಪ್ಪಿನ ಮಡಿಯೇ ಬೆಕ್ಕಿಗೆ ಕಕ್ಕಸು. ಅದರ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಇರಬಹುದು, ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತೆ, ಗರ್ಭಿಣಿಯರ ಹೊಟ್ಟೆಯ ಮಗುವಿಗೆ ಅಪಾಯ. ಮಡಿಗೆ ಮುಳ್ಳಿನ ಟೊಂಗೆ ಹರಡಿ, ಬೆಕ್ಕಿನ ಮಲವನ್ನು ಕಾಂಪೋಸ್ಟ್‌ಗೆ ಹಾಕಬೇಡಿ, ಸೊಪ್ಪು ತೊಳೆದೇ ಮಾರಿ.

ಜಗಳ ಬರೋದು ಸಂತಾನಹರಣದ ಮಾತಿಗೆ. ಹೆಣ್ಣು ಬೆಕ್ಕು 5-6 ತಿಂಗಳಿಗೇ ಗಬ್ಬ ಆಗಬಹುದು, ಸುಮಾರು 9 ವಾರಕ್ಕೆ ಮರಿ. ಬೇಡವಾದ ಮರಿಗಳನ್ನು ದಾಂಡೇಲಿ ರಸ್ತೆ ಪಕ್ಕ, ಕಾಡಂಚಲ್ಲಿ ಬಿಟ್ಟು ಬರೋರಿದ್ದಾರೆ. ಅದು ಪುಣ್ಯ ಅಲ್ಲ. ನಮ್ಮದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲು. ಬದುಕಿ ಉಳಿದ ಮರಿ ಹಕ್ಕಿ, ಓತಿಕ್ಯಾತಗಳನ್ನು ಹಿಡಿಯುತ್ತೆ. ಸಾಕಿದ ಬೆಕ್ಕಿನ ವಾಂತಿ-ಭೇದಿ ರೋಗ ಕಾಡುಬೆಕ್ಕು, ಚಿರತೆ ಬೆಕ್ಕಿಗೂ ಅಂಟಬಲ್ಲದು. ಹಾಗಾಗಿ 3 ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸುವಾಗಲೇ ಶಸ್ತ್ರಚಿಕಿತ್ಸೆಯ ದಿನಾಂಕವನ್ನೂ ಪಶುವೈದ್ಯರ ಹತ್ತಿರ ಗೊತ್ತು ಮಾಡ್ಕೊಂಡು ಬನ್ನಿ.