ಅಕ್ಷರ ಕೂಡಿತು, ಅರ್ಥ ಕೂಡಿತೆ?

ಭಾನುವಾರದ ಊಟ ಮುಗಿದಿದೆ. ನಡುಮನೆಯ ಚಾಪೆಯ ಮೇಲೆ ತಂದೆಯೂ ಮಗಳೂ ಎದುರುಬದುರಾಗಿ ಕುಳಿತಿದ್ದಾರೆ. ನಡುವೆ ಆರು ಕಾಗದದ ಚೂರುಗಳು. ಅವುಗಳ ಮೇಲೆ ಇ, ಐ, ಎಲ್, ಎನ್, ಎಸ್, ಟಿ ಎಂಬ ಆರು ಇಂಗ್ಲಿಷ್ ಅಕ್ಷರಗಳು. ಆರನ್ನೂ ಬಳಸಿ ಪದ ಕಟ್ಟಬೇಕೆಂಬುದೇ ಆಟದ ನಿಯಮ. ತಂದೆ ‘ಲಿಸನ್’ ಎಂದು ಜೋಡಿಸಿದರು. ಮಗಳು ಅದನ್ನೇ ಕಲಕಿ ‘ಸೈಲೆಂಟ್’ ಮಾಡಿದಳು. ತಂದೆಯಿಂದ ‘ಎನ್‌ಲಿಸ್ಟ್’, ಮಗಳಿಂದ ‘ಇನ್‌ಲೆಟ್ಸ್’. ತಂದೆ ತಲೆ ಕೆರೆದುಕೊಳ್ಳುತ್ತಿರುವಾಗಲೇ ಮಗಳು ಐದನೆಯದನ್ನೂ ಕಟ್ಟಿ ಮುಗಿಸಿದಳು: ‘ಟಿನ್ಸೆಲ್’.

“ಹಾಗೆಂದರೆ ಏನು, ಮಗು?”

“ಗೊತ್ತಿಲ್ಲಪ್ಪ. ಆದರೆ ಅಂಥ ಪದ ಇದೆ. ಮೊಬೈಲಿನಲ್ಲಿ ನೋಡಿದ್ದೇನೆ.”

ಆ ಹುಡುಗಿಯ ಉತ್ತರದಲ್ಲಿ ಈ ಆಟದ ಸೊಗಸೂ ಇದೆ, ಕೊರತೆಯೂ ಇದೆ.

ಆರು ಬೇರೆಬೇರೆ ಅಕ್ಷರಗಳನ್ನು 720 ವಿಧವಾಗಿ ಸಾಲಿಡಬಹುದು. ಏಳಾದರೆ ಆ ಸಂಖ್ಯೆ 5040ಕ್ಕೆ ಏರುತ್ತದೆ. ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವ ತಾಳ್ಮೆ ಯಾರಿಗೂ ಇರದು. ಆಟ ಬಲ್ಲವನು ಮೊದಲು ಒಟ್ಟಿಗೆ ಬಾಳುವ ಅಕ್ಷರಗಳನ್ನು ಗುರುತಿಸುತ್ತಾನೆ. ‘ಕ್ಯೂ’ ಕಂಡರೆ ಅದರ ಜೊತೆಗಾರ ‘ಯು’ವನ್ನು ಅರಸುತ್ತಾನೆ. ಐ, ಎನ್, ಜಿ ಮೂರೂ ಇದ್ದರೆ ಅವನ್ನು ಪದದ ಬಾಲವೆಂದು ಬಲಗಡೆಗೆ ಸರಿಸುತ್ತಾನೆ. ಯು, ಎನ್ ಇದ್ದರೆ ಪದದ ತಲೆಯೆಂದು ಎಡಗಡೆಗೆ. ಯಂತ್ರದ ದಾರಿ ಬೇರೆ. ಅದು ನಿಘಂಟಿನ ಪ್ರತಿಯೊಂದು ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಸಾಲಿಟ್ಟುಕೊಳ್ಳುತ್ತದೆ. ಹಾಗೆ ಸಾಲಿಟ್ಟಾಗ ಒಂದೇ ರೂಪ ಬರುವ ಪದಗಳೆಲ್ಲವೂ ಒಂದೇ ಗುಂಪಿನವು. ಆದುದರಿಂದಲೇ ಮೊಬೈಲು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ. ಆ ಕೆಲಸಕ್ಕೆ ಪದದ ಅರ್ಥದ ಅಗತ್ಯವೇ ಇಲ್ಲ.

ಕನ್ನಡಿಗರಿಗೆ ಈ ಆಟದಲ್ಲಿ ಇನ್ನೊಂದು ತೊಡಕುಂಟು. ಕನ್ನಡದ ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ದವನ’ದ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ವದನ’. ಅಕ್ಷರವು ಎಲ್ಲಿಗೆ ಹೋದರೂ ತನ್ನ ಧ್ವನಿಯನ್ನು ಜೊತೆಗೇ ಒಯ್ಯುತ್ತದೆ. ಕಣ್ಣು ಕಂಡುದನ್ನು ಕಿವಿಯೂ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಲಿಸನ್’ನಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ‘ಟಿ’ ಅಕ್ಷರ ‘ಸೈಲೆಂಟ್’ನಲ್ಲಿ ಗಟ್ಟಿಯಾಗಿ ಮಾತನಾಡುತ್ತದೆ! ಇಲ್ಲಿ ಕಿವಿಯನ್ನು ನಂಬುವಂತಿಲ್ಲ; ಪದದ ಚಹರೆಯನ್ನು ಕಣ್ಣೇ ಗುರುತಿಸಬೇಕು.

ಈ ವಿನೋದವನ್ನು ಜಗದ್ವಿಖ್ಯಾತ ಆಟವಾಗಿ ರೂಪಿಸಿದವನು ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅವನ ಕೆಲಸ ಹೋಯಿತು. ಆ ಬಿಡುವಿನಲ್ಲಿ ಅವನು ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದನು. ಆ ಎಣಿಕೆಯೇ ಆಟಕ್ಕೆ ತಳಹದಿಯಾಯಿತು. ಒಟ್ಟು 100 ಬಿಲ್ಲೆಗಳಲ್ಲಿ ಎಲ್ಲೆಡೆಯೂ ಕಾಣಿಸುವ ‘ಇ’ ಅಕ್ಷರಕ್ಕೆ 12, ಅಪರೂಪದ ‘ಕ್ಯೂ’ಗೆ ಒಂದೇ ಒಂದು; ಆದರೆ ಅದರ ಬೆಲೆ ಹತ್ತು ಅಂಕ. ‘ಎಸ್’ ಧಾರಾಳವಾಗಿದ್ದರೆ ಪ್ರತಿಯೊಬ್ಬರೂ ಅದನ್ನು ಕೊನೆಗಂಟಿಸಿ ಬಹುವಚನ ಮಾಡಿಯಾರೆಂದು ಅದನ್ನು ನಾಲ್ಕಕ್ಕೇ ನಿಲ್ಲಿಸಿದನು. ಜೇಮ್ಸ್ ಬ್ರೂನೊ ಎಂಬವನು ಈ ಆಟದ ಹಕ್ಕನ್ನು ಪಡೆದು, 1948ರಲ್ಲಿ ಅದಕ್ಕೆ ‘ಸ್ಕ್ರ್ಯಾಬಲ್’ ಎಂದು ಹೆಸರಿಟ್ಟನು.

ಈ ಆಟದಲ್ಲಿ ಪದ ನಿಘಂಟಿನಲ್ಲಿದ್ದರೆ ಸಾಕು; ಪಂದ್ಯಗಳಲ್ಲಿಯೂ ಅದರ ಅರ್ಥವನ್ನು ಯಾರೂ ಕೇಳುವುದಿಲ್ಲ. ಇದರ ಪರಾಕಾಷ್ಠೆ ಕಂಡುದು 2015ರಲ್ಲಿ. ನ್ಯೂಜಿಲೆಂಡಿನವರಾದ ನೈಜೆಲ್ ರಿಚರ್ಡ್ಸ್, ಬೆಲ್ಜಿಯಮ್ಮಿನಲ್ಲಿ ನಡೆದ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವಸ್ಪರ್ಧೆಯನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ! ಕೆಲವೇ ವಾರಗಳಲ್ಲಿ ಫ್ರೆಂಚ್ ಪದಗಳ ಪಟ್ಟಿಯನ್ನು ಕಂಠಸ್ಥ ಮಾಡಿಕೊಂಡು ಹೋಗಿದ್ದರು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಭಾಷೆಯ ವಿಶ್ವಸ್ಪರ್ಧೆಯನ್ನೂ ಅದೇ ರೀತಿಯಲ್ಲಿ ಗೆದ್ದರು. ಇಂಥ ಸ್ಮರಣಶಕ್ತಿಗೆ ತಲೆದೂಗದವರಾರು? ಆದರೂ ಸಹಸ್ರಾರು ಫ್ರೆಂಚ್ ಪದಗಳ ಒಡೆಯನಾದ ಮನುಷ್ಯನು ಗೆದ್ದ ದಿನ ಸಭೆಗೆ ವಂದನೆ ಹೇಳಲು ದುಭಾಷಿಯ ನೆರವನ್ನು ಪಡೆಯಬೇಕಾಯಿತು.

ವಿಶ್ವಸ್ಪರ್ಧೆಗೆ ಹೋಗುವವನಿಗೆ ಅದು ಕುಂದಲ್ಲ. ಅವನು ಗೆಲ್ಲಲು ಹೊರಟವನು. ಮನೆಯ ಮಕ್ಕಳು ಹೊರಟಿರುವುದು ಕಲಿಯಲು. ಅರ್ಥವಿಲ್ಲದ ಪದಗಳನ್ನು ಕೂಡಿಡುವ ಅಭ್ಯಾಸವು ಆಟದಿಂದ ಪಾಠಕ್ಕೆ, ಪಾಠದಿಂದ ಪರೀಕ್ಷೆಗೆ ದಾಟಿತೆಂದರೆ, ಕೈತುಂಬ ಅಂಕಗಳಿದ್ದೂ ನಾಲಗೆಯ ಮೇಲೆ ಮಾತಿಲ್ಲದ ಸ್ಥಿತಿ ಒದಗೀತು. 1954ರಲ್ಲಿ ಅಮೆರಿಕದ ಪತ್ರಿಕೆಗಳಿಗಾಗಿ ಹುಟ್ಟಿದ, ‘ಜಂಬಲ್’ ಎಂದು ಹೆಸರಾದ ಒಗಟು ಈ ವಿಷಯದಲ್ಲಿ ಹೆಚ್ಚು ಜಾಣತನದ್ದು. ಅದರಲ್ಲಿ ಕಲಕಿದ ಪದಗಳನ್ನು ಬಿಡಿಸಿದರಷ್ಟೇ ಸಾಲದು. ಆರಿಸಿದ ಅಕ್ಷರಗಳಿಂದ ಪಕ್ಕದ ವ್ಯಂಗ್ಯಚಿತ್ರಕ್ಕೆ ಒಪ್ಪುವ ಚಮತ್ಕಾರದ ಮಾತೊಂದನ್ನು ಕಟ್ಟಬೇಕು. ಚಿತ್ರದ ಅರ್ಥವಾಗದವನಿಗೆ ಆ ಮಾತು ದಕ್ಕುವುದು ಕಷ್ಟ.

ನಡುಮನೆಯ ತಂದೆಗೂ ಇದು ಹೊಳೆದಿರಬೇಕು. “ಇನ್ನು ಮೇಲೆ ಕನ್ನಡದಲ್ಲಿ ಅರ್ಥ ಹೇಳಿದರೆ ಮಾತ್ರ ಅಂಕ” ಎಂದು ಹೊಸ ನಿಯಮ ಮಾಡಿದರು. ಮಗಳು ನಿಘಂಟು ತೆರೆದು ಓದಿದಳು: ಅಲಂಕಾರಕ್ಕೆ ಬಳಸುವ, ಥಳಥಳಿಸುವ ತೆಳುವಾದ ತಗಡು ಅಥವಾ ಎಳೆ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ಅವಳಿಗೂ ತಿಳಿಯಲಿಲ್ಲ, ತಂದೆಗೂ ನೆನಪಾಗಲಿಲ್ಲ. ಹೂ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತಿದರು.

“ಬೇಗಡೆ ಅಲ್ಲವೇನೋ ಅದು? ಗೌರಿಹಬ್ಬದ ಮಂಟಪಕ್ಕೆ ನೀನೇ ಅಂಟಿಸುತ್ತಿದ್ದೆಯಲ್ಲ!”

ಇಂಗ್ಲಿಷ್ ಪದವೊಂದರ ಬೆನ್ನು ಹತ್ತಿ ಹೋದ ಹುಡುಗಿಗೆ ಮನೆಯಲ್ಲೇ ಮರೆತುಹೋಗಿದ್ದ ಕನ್ನಡ ಪದವೊಂದು ದೊರೆಯಿತು.

ಉತ್ಸಾಹಗೊಂಡ ತಂದೆ ಐದು ಹೊಸ ಚೂರುಗಳನ್ನು ಹರಡಿದರು: ಎ, ಇ, ಎಚ್, ಆರ್, ಟಿ. “ಎರಡು ಪದಗಳಿವೆ. ಒಂದು ಮನುಷ್ಯನನ್ನು ಹೊತ್ತಿರುವುದು. ಇನ್ನೊಂದು, ಮನುಷ್ಯನು ತನ್ನೊಳಗೆ ಹೊತ್ತಿರುವುದು.”

ಮಗಳು ಚೂರುಗಳತ್ತ ಕೈಚಾಚುವ ಮೊದಲೇ, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅಜ್ಜಿ ಹೂವಿನ ಎಸಳಿನಿಂದ ಕಣ್ಣು ತೆಗೆಯದೆಯೇ ಹೇಳಿದರು: “ಭೂಮಿ. ಆಮೇಲೆ, ಎದೆ.”

ಉಳಿದುದು ಅಕ್ಷರಗಳನ್ನು ಜೋಡಿಸುವ ಕೆಲಸ ಮಾತ್ರ. ‘ಅರ್ತ್’ ಕಟ್ಟಲು, ಅದನ್ನೇ ಕಲಕಿ ‘ಹಾರ್ಟ್’ ಮಾಡಲು ಮಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.